ನಕ್ಷೆಯಲ್ಲಿ ನೀರು ಎಲ್ಲಿ?

ಅಕ್ಕನ ಮಗಳು ಇಲ್ಲೇ ಮುಂಬಯಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ, ಮೂರನೇ ವರ್ಷ. ಹಾಸ್ಟೆಲ್ ಊಟ ಬೇಜಾರಾದಾಗೆಲ್ಲ ಮಾಟುಂಗದ ನಮ್ಮ ಮನೆಗೆ ಬರುತ್ತಾಳೆ. ಜೊತೆಗೆ ಲ್ಯಾಪ್‌ಟಾಪು, ಉದ್ದದ ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿಟ್ಟ ಹಾಳೆಗಳು, ನಿದ್ದೆಗೆಟ್ಟ ಕಣ್ಣು. ಈ ಸಲ ಕಾಲೇಜಿನವರು ಕೊಟ್ಟ ಸೈಟು ನಮ್ಮ ಕಿಂಗ್ಸ್ ಸರ್ಕಲ್ ಹತ್ತಿರವೇ. ಅಲ್ಲೊಂದು ವಾಚನಾಲಯ ಡಿಸೈನ್ ಮಾಡಬೇಕು. ಅದಕ್ಕೆ ಮುಂಚೆ ಸೈಟ್ ಅನಾಲಿಸಿಸ್, ಅಂದರೆ ಆ ಜಾಗದ ಸ್ವಭಾವ ಏನು ಅಂತ ನಕ್ಷೆಗಳಲ್ಲಿ ತೋರಿಸಬೇಕು.

ಶೀಟು ನೋಡಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಕಟ್ಟಡಗಳೆಲ್ಲ ಕಪ್ಪು, ಖಾಲಿ ಜಾಗ ಬಿಳಿ. ಸೂರ್ಯನ ದಾರಿಗೆ ಹಳದಿ ಬಿಲ್ಲು. ನೈಋತ್ಯದಿಂದ ಬರುವ ಗಾಳಿಗೆ ನೀಲಿ ಬಾಣಗಳು. ವಾಹನದ ಸದ್ದಿಗೆ ಕೆಂಪು ಅಲೆ. ಒಂದು ಮೂಲೆಯಲ್ಲಿ ಉತ್ತರದ ಬಾಣ, ಇನ್ನೊಂದರಲ್ಲಿ ತಿಂಗಳವಾರು ಸರಾಸರಿ ಮಳೆಯ ಕಂಬಗಳು. ಫ್ರೇಮ್ ಹಾಕಿಸಿ ಗೋಡೆಗೆ ತೂಗಿಸಬಹುದು, ಹಾಗಿತ್ತು.

"ಎಲ್ಲ ಸರಿ, ನೀರು ಎಲ್ಲಿ?" ಅಂದೆ.

"ಎಂತ ನೀರು ಮಾವ? ಇಲ್ಲಿ ಹೊಳೆಯೂ ಇಲ್ಲ, ಕೆರೆಯೂ ಇಲ್ಲ!"

ಮಾಟುಂಗ, ಸಾಯನ್ ಕಡೆ ಇರುವ ಓದುಗರು ಈಗ ನಗುತ್ತಿರಬೇಕು. ಜೋರು ಮಳೆ ಬಂದ ದಿನ ಟೀವಿಯವರು ಮೊದಲು ಕ್ಯಾಮೆರಾ ಹಿಡಿದು ನಿಲ್ಲುವುದೇ ಗಾಂಧಿ ಮಾರ್ಕೆಟ್ ಮುಂದೆ. ಅವಳ ಶೀಟಿನಲ್ಲಿ ಮಾತ್ರ ಅದು ಬಿಳಿ, ಒಣ, ಸ್ವಚ್ಛ ಜಾಗ. ಉಪಗ್ರಹದ ಚಿತ್ರ ತೆಗೆಯುವುದು ಮೋಡ ಇಲ್ಲದ ದಿನ ತಾನೇ? ಇವಳು ಸೈಟ್ ನೋಡಲು ಹೋದದ್ದೂ ಒಂದು ಭಾನುವಾರ ಬೆಳಗ್ಗೆ, ಎರಡು ಗಂಟೆ ಮಾತ್ರ.

ಸರಾಸರಿಯ ಕಂಬಗಳ ಬಗ್ಗೆ ಒಂದು ಮಾತು. 2005ರ ಜುಲೈ 26ರ ಲೆಕ್ಕದಲ್ಲಿ ಸಾಂತಾಕ್ರೂಜಿನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ, ಅದೇ ಹೊತ್ತಿಗೆ ಕೊಲಾಬಾದಲ್ಲಿ ಸುಮಾರು 74. ಒಂದೇ ಊರು! ಇವೆರಡರ ಸರಾಸರಿ ತೆಗೆದು ಕಂಬ ನಿಲ್ಲಿಸಿದರೆ ಅದು ಯಾರ ಮನೆಯ ಮಳೆ? ನಮ್ಮ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಯ ಲೆಕ್ಕದಲ್ಲಿ, ಅದೂ ಸಮುದ್ರ ಇಳಿತದಲ್ಲಿದ್ದರೆ. ಉಬ್ಬರ ಇದ್ದರೆ ಚರಂಡಿಯ ಬಾಯೇ ಮುಚ್ಚಿಹೋಗಿ, ನೀರು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಅಂದರೆ ಕಿಂಗ್ಸ್ ಸರ್ಕಲ್ಲಿನ ಸೈಟಿಗೆ ಸಮುದ್ರವೂ ಒಂದು ನೆರೆಮನೆ. ಶೀಟಿನ ಅಂಚಿನಾಚೆ ಇರುವ ಕಾರಣ ಕಾಣುವುದಿಲ್ಲ, ಅಷ್ಟೇ.

ಇದು ನನ್ನ ಹೊಸ ಶೋಧನೆ ಏನಲ್ಲ. 2009ರಲ್ಲಿ ಅನುರಾಧಾ ಮಾಥುರ್ ಮತ್ತು ದಿಲೀಪ್ ದ ಕುನ್ಹಾ ಇಲ್ಲಿನ ನ್ಯಾಷನಲ್ ಗ್ಯಾಲರಿ ಆಫ್ ಮಾಡರ್ನ್ ಆರ್ಟಿನಲ್ಲಿ 'ಸೋಕ್' ಎಂಬ ಪ್ರದರ್ಶನ ಮಾಡಿದ್ದರು. ನೆಲ ಇಲ್ಲಿಗೆ ಮುಗಿಯಿತು, ಸಮುದ್ರ ಇಲ್ಲಿಂದ ಶುರು ಅಂತ ಗೆರೆ ಎಳೆಯುವ ನಕ್ಷೆಯಲ್ಲೇ ಮುಂಬಯಿಯ ತೊಂದರೆ ಇದೆ, ಇದು ಅಳಿವೆಯ ಊರು ಎಂಬುದು ಅವರ ವಾದ. ಮೇಲಿನಿಂದ ನೋಡುವ ಪ್ಲಾನಿಗಿಂತ ನೆಲವನ್ನು ಅಡ್ಡ ಕೊಯ್ದು ತೋರಿಸುವ ಸೆಕ್ಷನ್ನುಗಳಿಗೆ ಅಲ್ಲಿ ಹೆಚ್ಚು ಮರ್ಯಾದೆ. (ಬೆಂಗಳೂರಿನ ನೆಲ ಹೇಗೆ ರೂಪುಗೊಂಡಿತು ಅಂತ 2006ರಲ್ಲಿ 'ಡೆಕ್ಕನ್ ಟ್ರಾವರ್ಸಸ್' ಬರೆದವರೂ ಇವರೇ.) ಅದಕ್ಕೂ ಮೊದಲು, 1969ರಲ್ಲಿ, ಇಯಾನ್ ಮೆಕ್‌ಹಾರ್ಗ್ 'ಡಿಸೈನ್ ವಿತ್ ನೇಚರ್' ಪುಸ್ತಕದಲ್ಲಿ ಇಳಿಜಾರು, ಮಣ್ಣು, ನೀರು, ಜನವಸತಿ ಎಲ್ಲವನ್ನೂ ಬೇರೆಬೇರೆ ಪಾರದರ್ಶಕ ಹಾಳೆಯಲ್ಲಿ ಬಿಡಿಸಿ ಒಂದರ ಮೇಲೊಂದು ಇಟ್ಟಿದ್ದ. ಎಲ್ಲಿ ಕಪ್ಪು ಜಾಸ್ತಿಯೋ ಅಲ್ಲಿ ರಸ್ತೆ ಹಾಕಬೇಡಿ ಎಂಬುದನ್ನು ಆ ಹಾಳೆಗಳೇ ಹೇಳುತ್ತಿದ್ದವು. ಇವತ್ತಿನ ಬಣ್ಣದ ಪದರಗಳು ಆ ಹಾಳೆಗಳ ಮೊಮ್ಮಕ್ಕಳು. ಚಂದ ಉಳಿದಿದೆ, 'ಬೇಡ' ಅನ್ನುವ ಧೈರ್ಯ ಹೋಗಿದೆ.

ಮಕ್ಕಳನ್ನು ಬೈದು ಪ್ರಯೋಜನ ಇಲ್ಲ ಬಿಡಿ. ಹತ್ತು ದಿನದ ಕೆಲಸ, ಜೊತೆಗೆ ಬೇರೆ ಐದು ಸಬ್ಜೆಕ್ಟು, ಜ್ಯೂರಿಯವರು ಒಂದು ಶೀಟಿಗೆ ಕೊಡುವುದು ಎರಡು ನಿಮಿಷ. ಕಣ್ಣಿಗೆ ಬೀಳುವಂತೆ ಮಾಡದೆ ಇನ್ನೇನು ಮಾಡಿಯಾರು? ನನ್ನ ಸಿಟ್ಟಿಗೆ ಬೇರೆ ಕಾರಣ ಇದೆ. ನಮ್ಮ ಪಕ್ಕದ ಹಳೇ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿ ಟವರ್ ಎದ್ದಿದೆ. ಅವರ ಅಂಗಳವನ್ನು ಮೂರು ಅಡಿ ಎತ್ತರಿಸಿದರು. ಮೊದಲು ಇಬ್ಬರೂ ಹಂಚಿಕೊಳ್ಳುತ್ತಿದ್ದ ನೀರು ಈಗ ಪೂರ್ತಿ ನಮ್ಮದು. ಅವರ ಆರ್ಕಿಟೆಕ್ಟ್ ಹತ್ತಿರವೂ ಹಳದಿ ಬಿಲ್ಲು, ನೀಲಿ ಬಾಣಗಳ ಶೀಟು ಇದ್ದೇ ಇದ್ದಿರುತ್ತದೆ.

ಇಷ್ಟೆಲ್ಲ ಭಾಷಣ ಬಿಗಿದ ಮೇಲೆ ಹುಡುಗಿ ಕೇಳಿದಳು, "ಹಾಗಾದ್ರೆ 2005ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು, ಹೇಳಿ."

"ಮೂರನೇ ಮೆಟ್ಟಿಲು," ಅಂದೆ, ಖಡಾಖಂಡಿತವಾಗಿ.

ಅವಳು ಟೇಪು ಹಿಡಿದು ಕೆಳಗೆ ಹೋದಳು. ಗ್ರೌಂಡ್ ಫ್ಲೋರಿನ ಅಜ್ಜಿ ಕಿಟಕಿಯವರೆಗೆ ಅಂದರಂತೆ. ವಾಚ್‌ಮನ್ ಆಗ ಊರಲ್ಲೇ ಇರಲಿಲ್ಲ. ಕೊನೆಗೆ ಜಿನೆಯ ಕೆಳಗಿನ ಮೀಟರ್ ಹಲಗೆಯ ಹಿಂದೆ ಟಾರ್ಚ್ ಬಿಟ್ಟು ನೋಡಿದ್ದಾಳೆ. ಅದರ ಹಿಂದೆ ಯಾರೂ ಬಣ್ಣ ಬಳಿದಿರಲಿಲ್ಲ. ಕಂದು ಗೆರೆ ಹಾಗೇ ಇತ್ತು, ನೆಲದಿಂದ ಎರಡು ಅಡಿ ಏಳು ಅಂಗುಲ. ನಾನು ಹೇಳಿದ್ದಕ್ಕಿಂತ ಒಂದು ಅಡಿ ಮೇಲೆ, ಅಜ್ಜಿ ಹೇಳಿದ್ದಕ್ಕಿಂತ ಕೆಳಗೆ. ಯೋಚಿಸಿದರೆ ಸರಿಯೇ... ನಾನು ಆ ರಾತ್ರಿ ಅಂಧೇರಿಯ ಆಫೀಸಿನಲ್ಲಿ ಸಿಕ್ಕಿಬಿದ್ದು ಮರುದಿನ ನಡೆದು ಮನೆ ಸೇರಿದವನು. ಕಂಡದ್ದು ಇಳಿಯುತ್ತಿದ್ದ ನೀರು. ಇಷ್ಟು ವರ್ಷ ಎಲ್ಲರಿಗೂ ಮೂರನೇ ಮೆಟ್ಟಿಲಿನ ಕತೆ ಹೇಳುತ್ತ ಬಂದಿದ್ದೇನೆ!

ಆ ವಾರ ಅವಳು ಮಳೆ ಬಂದಾಗಲೆಲ್ಲ ಕೊಡೆ ಹಿಡಿದು ಹೊರಟಳು. ನೀರು ಮೊದಲು ಯಾವ ಗಟಾರದಿಂದ ಉಕ್ಕುತ್ತದೆ, ಹೂವಿನವರು ಬುಟ್ಟಿ ಎತ್ತಿ ಯಾವ ಕಟ್ಟೆಗೆ ಹೋಗುತ್ತಾರೆ, ಎಷ್ಟು ಹೊತ್ತಿಗೆ ಇಳಿಯುತ್ತದೆ, ಎಲ್ಲ ಗಡಿಯಾರದ ಸಮಯದ ಸಮೇತ ಬರೆದುಕೊಂಡಳು. ಕೈಯಲ್ಲೇ ಒಂದು ಉದ್ದ ಸೆಕ್ಷನ್ ಬಿಡಿಸಿದಳು. ಅದರಲ್ಲಿ ನಮ್ಮ ಮೆಟ್ಟಿಲು, ಟವರಿನ ಅಂಗಳ, ಮೀಟರ್ ಹಲಗೆಯ ಗೆರೆ ಎಲ್ಲ ಇವೆ. ವಾಚನಾಲಯದ ಪುಸ್ತಕದ ಕಪಾಟುಗಳು ಮೇಲಿನ ಮಹಡಿಗೆ ಹೋದವು. ಕೆಳಗೆ ಹೂವಿನವರಿಗೂ ನಿಲ್ಲಲು ಆಗುವ ಎತ್ತರದ ಜಗಲಿ.

ಜ್ಯೂರಿ ಮುಗಿಸಿ ಫೋನ್ ಮಾಡಿದಳು. ಸೆಕ್ಷನ್ನಿನ ಮುಂದೆ ಹತ್ತು ನಿಮಿಷ ನಿಂತು ಪ್ರಶ್ನೆ ಕೇಳಿದರಂತೆ. ಪಕ್ಕದ ಸಣ್ಣ ಪ್ಲಾನಿಗೆ ಉತ್ತರದ ಬಾಣ ಹಾಕಲು ಮರೆತಿದ್ದಳು, ಅದಕ್ಕೆ ಒಂದು ಮಾರ್ಕು ಕಟ್.