ಸೈಕಲ್ಲಿಗೆ ಲಕ್ಷ ರೂಪಾಯಿ, ಸೀಟಿನ ಮಾತೆತ್ತಲು ಸಂಕೋಚ

2026ರ ಜನವರಿ 19ರಿಂದ 23ರವರೆಗೆ ನಮ್ಮ ಪುಣೆ ನಗರ ಮತ್ತು ಜಿಲ್ಲೆಯ ರಸ್ತೆಗಳಲ್ಲಿ 437 ಕಿ.ಮೀ. ದೂರದ ಅಂತಾರಾಷ್ಟ್ರೀಯ ಸೈಕಲ್ ಸ್ಪರ್ಧೆ ನಡೆದುದು ಓದುಗ ಬಾಂಧವರಿಗೆ ನೆನಪಿರಬಹುದು. ಒಂದು ಕಾಲದಲ್ಲಿ ಸೈಕಲ್‌ಗಳ ನಗರವೆಂದೇ ಹೆಸರಾಗಿದ್ದ ಪುಣೆಗೆ ಆ ಐದು ದಿನ ಹಳೆಯ ಕಳೆ ಮರಳಿ ಬಂದಂತಿತ್ತು. ನಮ್ಮ ಸಂಘ ಸಂಸ್ಥೆಗಳ ಸಭೆ ಸಮಾರಂಭಗಳಲ್ಲೂ ಈಗ ಸೈಕಲ್ಲಿನ ಮಾತು ಕೇಳಿಬರುತ್ತಿದೆ. ಹೋಟೆಲು ಉದ್ಯಮಿಗಳು, ಬ್ಯಾಂಕಿನಿಂದ ನಿವೃತ್ತರಾದವರು, ಹಿಂಜವಡಿಯ ಕಂಪೆನಿಗಳಲ್ಲಿ ದುಡಿಯುವ ಯುವಕ ಯುವತಿಯರು, ಹೀಗೆ ಅನೇಕರು ಬಾಗಿದ ಹ್ಯಾಂಡಲ್, ಸಪೂರ ಟಯರುಗಳ ರೋಡ್ ಬೈಕ್ ಕೊಂಡಿದ್ದಾರೆ. ಕೆಲವರು ಡಾಕ್ಟರ ಸಲಹೆಯಂತೆ, ಕೆಲವರು ಮಕ್ಕಳ ಒತ್ತಾಯಕ್ಕೆ.

ಇದು ಸಂತೋಷದ ವಿಷಯವೇ. ಆದರೆ ಕೋಥರೂಡ್, ಬಾಣೇರ್, ನಿಗಡಿ ಪರಿಸರದ ನಮ್ಮವರ ಮನೆಗಳಿಗೆ ಹೋದಾಗ ಕಾಣುವ ಇನ್ನೊಂದು ದೃಶ್ಯವನ್ನೂ ಹೇಳಬೇಕಾಗಿದೆ. ಐವತ್ತು ಸಾವಿರ, ಕೆಲವೊಮ್ಮೆ ಲಕ್ಷ ಮೀರಿದ ಬೆಲೆಯ ಸೈಕಲ್ಲು ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹೊತ್ತು ನಿಂತಿರುತ್ತದೆ. ಕೇಳಿದರೆ "ಪುರುಸೊತ್ತಿಲ್ಲ ಮಾರಾಯ್ರೆ", "ಟ್ರಾಫಿಕ್ ಜಾಸ್ತಿ", "ಮೊಣಕಾಲು ನೋವು" ಎಂಬ ಉತ್ತರಗಳು. ಇನ್ನೂ ಎರಡು ಸಲ ಕೇಳಿದರೆ ಮಾತ್ರ, ಅದೂ ಹೆಂಗಸರು ಒಳಗೆ ಹೋದ ಮೇಲೆ, ನಿಜ ಹೊರಬರುತ್ತದೆ: ಕೂರಲಿಕ್ಕೇ ಆಗುವುದಿಲ್ಲ. ಒಳಗೆ ಹೋದ ಹೆಂಗಸರಲ್ಲಿ ಸೈಕಲ್ ತುಳಿದವರಿದ್ದರೆ ಅವರೂ ಅದನ್ನೇ ಹೇಳುತ್ತಾರೆ, ಆದರೆ ನಮ್ಮೊಡನೆ ಹೇಳುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ, ನಮ್ಮವರು ಸೈಕಲ್ಲು ಬಿಡುವುದಕ್ಕೆ ಸೋಮಾರಿತನಕ್ಕಿಂತ ಸೀಟು ದೊಡ್ಡ ಕಾರಣ. ಸೀಟು ಸರಿಪಡಿಸದಿರಲು ಹಣಕ್ಕಿಂತ ಸಂಕೋಚ ದೊಡ್ಡ ಕಾರಣ. ಎಲ್ಲಿ ನೋಯುತ್ತದೆ ಎಂದು ಅಂಗಡಿಯವನಿಗೆ ಬಾಯಿಬಿಟ್ಟು ಹೇಳಲಾರದವರು ಅವನು ಕೊಟ್ಟದ್ದನ್ನು ಕೊಂಡು ಬರುತ್ತಾರೆ. ಅವನು ಕೊಡುವುದು ಹೆಚ್ಚಾಗಿ ಜೆಲ್ ತುಂಬಿದ ದಪ್ಪ, ಮೆತ್ತನೆಯ ಕವರು.

ಮೆತ್ತಗಿದ್ದರೆ ಸುಖ ಎಂಬ ನಂಬಿಕೆಯೇ ಇಲ್ಲಿ ಮೋಸ ಮಾಡುತ್ತದೆ. ನಾವು ಕುಳಿತಾಗ ದೇಹದ ಭಾರ ಹೊರುವುದು ಪೃಷ್ಠದೊಳಗಿನ ಎರಡು ಎಲುಬಿನ ತುದಿಗಳು. (ಪತ್ರಿಕೆಯ ಭಾಷೆಯಲ್ಲಿ ಪೃಷ್ಠ ಎನ್ನುತ್ತೇವೆ, ಮನೆಯ ಮಾತಿನಲ್ಲಿ ಏನೆನ್ನುತ್ತೇವೆ ಎಂದು ಹೇಳಬೇಕಾಗಿಲ್ಲ.) ಆ ಎರಡು ತುದಿಗಳ ಕೆಳಗೆ ಗಟ್ಟಿ ಆಧಾರವಿದ್ದರೆ ಗಂಟೆಗಟ್ಟಲೆ ಕೂರಬಹುದು. ಮೆತ್ತನೆಯ ಸೀಟಿನಲ್ಲಿ ಎಲುಬು ಹೂತುಹೋಗಿ, ನಡುವಿನ ಜೆಲ್ ಮೇಲಕ್ಕೆ ಉಬ್ಬಿ, ಕಾಲುಗಳ ಸಂದಿನ ಮೃದು ಭಾಗವನ್ನು ಒತ್ತುತ್ತದೆ. ನರ, ರಕ್ತನಾಳಗಳು ಹಾದುಹೋಗುವ ಜಾಗ ಅದು. ಅಂಗಡಿಯಲ್ಲಿ ಎರಡು ನಿಮಿಷ ಕುಳಿತಾಗ ಹಾಯೆನಿಸಿದ ಸೀಟು ಖಡಕವಾಸ್ಲಾ ಮುಟ್ಟುವಷ್ಟರಲ್ಲಿ ಶಿಕ್ಷೆಯಾಗುವುದು ಹೀಗೆ. ನಮ್ಮ ಹಿರಿಯರು ಮರದ ಮಣೆಯ ಮೇಲೆ ಕುಳಿತು ಮದುವೆಯ ಊಟವನ್ನು ಪಾಯಸದವರೆಗೂ ನಿಧಾನವಾಗಿ ಮುಗಿಸಿದವರು ಎಂಬುದನ್ನು ಮರೆಯದಿರೋಣ.

"ಇಷ್ಟು ಸಪೂರ ಸೀಟಿನಲ್ಲಿ ಕೂರುವುದಾದರೂ ಹೇಗೆ?" ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಊರಿನ ಹಳೆಯ ಸೈಕಲ್ಲಿನಲ್ಲಿ ಬೆನ್ನು ನೆಟ್ಟಗೆ, ಭಾರವೆಲ್ಲ ಸೀಟಿನ ಮೇಲೆ. ಆದ್ದರಿಂದ ಅದಕ್ಕೆ ಅಗಲ ಸೀಟು, ಕೆಳಗೆ ಸ್ಪ್ರಿಂಗು. ರೋಡ್ ಬೈಕಿನಲ್ಲಿ ಸವಾರ ಮುಂದಕ್ಕೆ ಬಾಗುತ್ತಾನೆ, ಭಾರದ ಒಂದು ಪಾಲು ಕೈಗಳಿಗೂ ಪೆಡಲಿಗೂ ಹಂಚಿಹೋಗುತ್ತದೆ. ಸೊಂಟದ ಎಲುಬೂ ಮುಂದಕ್ಕೆ ವಾಲುತ್ತದೆ. ಅಲ್ಲಿ ಅಗಲ ಸೀಟು ಹಾಕಿದರೆ ತೊಡೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಆದರೆ ಸಪೂರ ಎಂದರೆ ಎಷ್ಟು ಸಪೂರ ಎಂಬುದು ಪ್ರತಿಯೊಬ್ಬರ ಎಲುಬಿಗೆ ಬಿಟ್ಟ ವಿಷಯ. ದಪ್ಪಗಿದ್ದವರಿಗೆ ಅಗಲ ಸೀಟು, ತೆಳ್ಳಗಿದ್ದವರಿಗೆ ಚಿಕ್ಕದು ಎಂಬ ಅಂದಾಜು ತಪ್ಪು. ತೊಂಬತ್ತು ಕಿಲೋ ತೂಗುವವರ ಎಲುಬುಗಳ ಅಂತರ ಕಡಿಮೆಯಿರಬಹುದು, ಐವತ್ತು ಕಿಲೋದ ಹುಡುಗಿಯದು ಹೆಚ್ಚಿರಬಹುದು.

ಅಳೆಯುವ ವಿಧಾನಕ್ಕೆ ಯಂತ್ರ ಬೇಕಿಲ್ಲ. ಕಿರಾಣಿ ಸಾಮಾನು ಬಂದ ರಟ್ಟಿನ ಪೆಟ್ಟಿಗೆಯ ಒಂದು ತುಂಡು ಸಾಕು. ಒಳಗೆ ಅಲೆಅಲೆಯಾಗಿರುವ ರಟ್ಟು. ಅದನ್ನು ಗಟ್ಟಿ ಸ್ಟೂಲಿನ ಮೇಲಿಟ್ಟು, ತೆಳು ಬಟ್ಟೆಯಲ್ಲಿ ಕುಳಿತು, ಪಾದದ ಕೆಳಗೆ ಒಂದೆರಡು ದಪ್ಪ ಪುಸ್ತಕ ಇಟ್ಟು ಮೊಣಕಾಲು ತುಸು ಮೇಲೆ ಬರುವಂತೆ ಮಾಡಿ, ಮುಂದಕ್ಕೆ ಬಾಗಿ ಅರ್ಧ ನಿಮಿಷ ಇರಬೇಕು. ಎದ್ದಾಗ ರಟ್ಟಿನಲ್ಲಿ ಎರಡು ಗುಳಿಗಳು ಕಾಣುತ್ತವೆ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಇರುವ ಅಳತೆಗೆ ಸುಮಾರು ಎರಡು ಸೆಂ.ಮೀ. ಸೇರಿಸಿದರೆ ಸೀಟಿನ ಅಗಲದ ಒಳ್ಳೆಯ ಅಂದಾಜು ಸಿಗುತ್ತದೆ. ಬೆನ್ನು ಹೆಚ್ಚು ನೆಟ್ಟಗಿಟ್ಟು ತುಳಿಯುವವರಿಗೆ ಇನ್ನಷ್ಟು ಬೇಕು. ರೋಡ್ ಬೈಕಿನ ಒಳ್ಳೆಯ ಸೀಟುಗಳು ಸಾಮಾನ್ಯವಾಗಿ 13ರಿಂದ 15.5 ಸೆಂ.ಮೀ.ವರೆಗೆ ಎರಡು ಮೂರು ಅಗಲಗಳಲ್ಲಿ ಬರುತ್ತವೆ. ಚಪ್ಪಲಿ ಕೊಳ್ಳುವಾಗ ನಂಬರು ಹೇಳುತ್ತೇವಲ್ಲ, ಹಾಗೆ ಈ ಅಳತೆ ಹೇಳಿ ಕೇಳಬೇಕು.

ಹೊಸ ಸೀಟಿಗೆ ಹಣ ಸುರಿಯುವ ಮೊದಲು ಇರುವ ಸೀಟನ್ನೇ ಸರಿಯಾಗಿ ಕೂರಿಸಿ ನೋಡುವುದು ಜಾಣತನ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಪೂರ್ತಿ ಕೆಳಕ್ಕೆ ತಂದಾಗ ಕಾಲು ನೇರವಾಗುವಷ್ಟು ಎತ್ತರ ಸಾಕು. ಹೆಚ್ಚು ಎತ್ತರವಿದ್ದರೆ ಸೊಂಟ ಆಚೀಚೆ ತೂಗಾಡಿ ಸೀಟಿಗೆ ಉಜ್ಜುತ್ತದೆ. ಸೀಟಿನ ಮೂತಿ ಮೇಲೆದ್ದಿರಬಾರದು; ಸಮತಟ್ಟಾಗಿಟ್ಟು, ಬೇಕಿದ್ದರೆ ಕೂದಲೆಳೆಯಷ್ಟು ಕೆಳಗೆ. ಜಾಸ್ತಿ ಇಳಿಸಿದರೆ ಜಾರಿ ಜಾರಿ ಭಾರವೆಲ್ಲ ಅಂಗೈಗೆ ಬೀಳುತ್ತದೆ. ಇದಕ್ಕೆ ಒಂದು ಅಲೆನ್ ಕೀ, ಹತ್ತು ನಿಮಿಷ ಸಾಕು. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಇನ್ನೊಂದು ಒಳಚಡ್ಡಿ ಹಾಕಬಾರದು ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಹೊಲಿಗೆಯ ಗೆರೆಯೇ ಗಾಯ ಮಾಡುತ್ತದೆ. ಸೊಸೈಟಿಯ ಗೇಟಿನಲ್ಲಿ ನಾಚಿಕೆಯೆನಿಸಿದರೆ ಮೇಲೊಂದು ಸಡಿಲ ಚಡ್ಡಿ ಹಾಕಿಕೊಳ್ಳಲಿ.

ಜುಮುಗುಡುವುದು, ಮರಗಟ್ಟುವುದು ಮಾತ್ರ ಸಹಿಸಿಕೊಳ್ಳುವ ವಿಷಯವಲ್ಲ. ಸೈಕಲ್ ಮೇಲೆ ಗಸ್ತು ತಿರುಗುವ ಅಮೆರಿಕದ 90 ಪೊಲೀಸರಿಗೆ ಅಲ್ಲಿನ ಸರಕಾರಿ ಸಂಶೋಧಕರು ಆರು ತಿಂಗಳು ಮೂತಿಯಿಲ್ಲದ ಸೀಟು ಕೊಟ್ಟು ಪರೀಕ್ಷಿಸಿ 2008ರಲ್ಲಿ ವರದಿ ಪ್ರಕಟಿಸಿದರು. ಮೃದು ಭಾಗದ ಮೇಲಿನ ಒತ್ತಡ ಇಳಿದಿತ್ತು, ಕಳೆದುಹೋದ ಸ್ಪರ್ಶಜ್ಞಾನ ಸುಧಾರಿಸಿತ್ತು. ರೋಡ್ ಬೈಕಿಗೆ ಮೂತಿಯಿಲ್ಲದ ಸೀಟು ಅಷ್ಟಾಗಿ ಒಗ್ಗುವುದಿಲ್ಲ, ಹಿಡಿತ ತಪ್ಪುತ್ತದೆ. ಆದರೆ ನಡುವೆ ಸೀಳಿರುವ, ಮೂತಿ ಗಿಡ್ಡವಿರುವ ಸೀಟುಗಳು ಈಗ ಧಾರಾಳವಾಗಿ ದೊರೆಯುತ್ತವೆ. ಸಕ್ಕರೆ ಕಾಯಿಲೆಯವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ಉಜ್ಜಿದ ಗಾಯ ತಡವಾಗಿ ಮಾಯುತ್ತದೆ ಎಂಬುದೂ ನೆನಪಿರಲಿ.

ಮಹಿಳೆಯರ ಪಾಲಿಗಂತೂ ಬಹುಕಾಲ ಗಂಡಸರಿಗೆ ಮಾಡಿದ ಸೀಟೇ ಗತಿಯಾಗಿತ್ತು. ಅಮೆರಿಕದಲ್ಲಿ ಜಾರ್ಜಿನಾ ಟೆರಿ ಎಂಬ ಇಂಜಿನಿಯರ್ ಮಹಿಳೆ 1985ರಲ್ಲಿ ಹೆಂಗಸರಿಗಾಗಿಯೇ ಸೈಕಲ್ ಕಂಪೆನಿ ಆರಂಭಿಸಬೇಕಾಯಿತು. ಇಂದಿಗೂ ಅಂಗಡಿಯಲ್ಲಿ ಹೆಂಡತಿಯ ಸೈಕಲ್ಲಿನ ಸೀಟನ್ನು ಗಂಡನೇ ಒತ್ತಿ ನೋಡಿ ತೀರ್ಮಾನಿಸುತ್ತಾನೆ. ಕೂರುವವರು ಯಾರು ಸ್ವಾಮಿ?

ಚರ್ಮದ ಸೀಟಿನ ಅಭಿಮಾನಿಗಳು ನನ್ನ ಮೇಲೆ ಕೋಪಿಸಿಕೊಳ್ಳಬಾರದು. 1866ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಬ್ರೂಕ್ಸ್ ಕಂಪೆನಿಯ ಸೀಟು ಹಳೆಯ ಚಪ್ಪಲಿಯಂತೆ ಸವಾರನ ಮೈಗೆ ಒಗ್ಗಿಕೊಳ್ಳುತ್ತದೆ, ನಿಜ. ಆದರೆ ಒಗ್ಗಲು ನೂರಾರು ಕಿ.ಮೀ. ಬೇಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಪುಣೆಯ ಮಳೆಯಿಂದ ಅದನ್ನು ಕಾಪಾಡಲೂಬೇಕು.

ಇನ್ನು ನಮ್ಮ ಸಂಘಗಳಿಗೊಂದು ಮನವಿ. ಒಂದು ಸೀಟು ತನಗೆ ಹೊಂದುತ್ತದೋ ಇಲ್ಲವೋ ಎಂದು ತಿಳಿಯಲು ನಾಲ್ಕಾರು ಬಾರಿ ದೂರ ತುಳಿಯಬೇಕು, ಅಷ್ಟರಲ್ಲಿ ಅಂಗಡಿಯವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಸೈಕಲ್ ತುಳಿಯುವ ಪ್ರತಿ ಮನೆಯಲ್ಲೂ ಒಂದೆರಡು ಹೊಂದದ ಸೀಟುಗಳು ಬಿದ್ದಿರುತ್ತವೆ. ಒಬ್ಬರಿಗೆ ಹೊಂದದ್ದು ಇನ್ನೊಬ್ಬರಿಗೆ ಹೊಂದೀತು. ಅವನ್ನೆಲ್ಲ ಸಂಘದ ಕಚೇರಿಯಲ್ಲಿ ಒಟ್ಟುಗೂಡಿಸಿ, ಅಗಲದ ಚೀಟಿ ಅಂಟಿಸಿ, ಗ್ರಂಥಾಲಯದ ಪುಸ್ತಕದಂತೆ ಹದಿನೈದು ದಿನಕ್ಕೆ ಸದಸ್ಯರಿಗೆ ಕೊಟ್ಟರೆ ಏನು ತಪ್ಪು? ಖರ್ಚು ಒಂದು ಸನ್ಮಾನದ ಶಾಲು, ಫಲಕ, ಹಣ್ಣಿನ ಬುಟ್ಟಿಗಿಂತ ಹೆಚ್ಚಾಗಲಾರದು. "ಸಂಘಕ್ಕೆ ಸೀಟಿನ ಉಸಾಬರಿ ಏಕೆ?" ಎನ್ನುವವರು ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ಶಿಬಿರದಲ್ಲಿ ನಮ್ಮ ಬಿ.ಪಿ., ಶುಗರ್ ಅಂಕಿಗಳನ್ನು ನೋಡಲಿ.

ಹಾಗೆಯೇ ಹೋಟೆಲು ಮಾಲೀಕರಲ್ಲಿ ಒಂದು ಮಾತು. ಬೆಳಿಗ್ಗೆ ಐದಕ್ಕೆ ಇಡ್ಲಿ ಹಿಟ್ಟು ಬಡಿಸಲು ಹಳೆಯ ಸೈಕಲ್ಲಿನಲ್ಲಿ ಬರುವ ಹುಡುಗನ ಸೀಟನ್ನೂ ಒಮ್ಮೆ ನೋಡಿ. ಹರಿದದ್ದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿರುತ್ತದೆ. ಅವನಿಗೆ ಸೀಳಿನ ಸೀಟು ಬೇಡ. ನೆಟ್ಟಗೆ ಕುಳಿತು ತುಳಿಯುವವನಿಗೆ ಅಗಲದ ಸ್ಪ್ರಿಂಗಿನ ಸೀಟೇ ಸರಿ, ಅದು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ.

ಮುಂದಿನ ಶಿಬಿರದಲ್ಲಿ ರಕ್ತದೊತ್ತಡ ನೋಡುವ ಮೇಜಿನ ಪಕ್ಕದಲ್ಲೇ ಒಂದು ಗಟ್ಟಿ ಸ್ಟೂಲು, ಹತ್ತಿಪ್ಪತ್ತು ರಟ್ಟಿನ ತುಂಡು, ಒಂದು ಅಳತೆಪಟ್ಟಿ ಇಡಲಿ. ಮಹಿಳೆಯರಿಗೆ ಪ್ರತ್ಯೇಕ ಪರದೆ, ಅಳೆಯಲು ಮಹಿಳಾ ವಿಭಾಗದವರೇ ಇರಲಿ. ರಟ್ಟು ಒದಗಿಸಲು ನಮ್ಮ ಹೋಟೆಲುಗಳ ಹಿಂಬಾಗಿಲು ಸಾಕು.