ಬೇಡದ ಸೋಪು ಎಂಬುದೊಂದಿಲ್ಲ

ಪತ್ರಿಕೆಗಳ ಪುರವಣಿಗಳಲ್ಲಿ ಮೊದಲಿನಿಂದಲೂ ಬರುತ್ತಿದ್ದು, ಈಗ ಮೊಬೈಲಿನಲ್ಲಿ ಬೆಳಗಾದರೆ ಹರಿದಾಡುವ ಒಂದು ಬಗೆಯ ಉಪದೇಶವಿದೆ. ‘ಮನೆಯಲ್ಲಿ ಬೇಡವಾದ ಸೋಪುಗಳಿವೆಯೇ? ಹೀಗೆ ಬಳಸಿ’ ಎಂಬುದು ಅದರ ಪಲ್ಲವಿ. ಸೀರೆಗಳ ನಡುವೆ ಇಡಿ, ಸುವಾಸನೆ ಬರುತ್ತದೆ. ಬಿಗಿಯಾದ ಜಿಪ್ಪಿಗೆ ಉಜ್ಜಿ, ಸಲೀಸಾಗುತ್ತದೆ. ಮಳೆಗಾಲದಲ್ಲಿ ಉಬ್ಬಿಕೊಂಡ ಬಾಗಿಲಿನ ಅಂಚಿಗೆ ತಿಕ್ಕಿ. ಮರಕ್ಕೆ ತಿರುಪು ಹಾಕುವ ಮುನ್ನ ಸವರಿ. ಸೂಜಿಗಳನ್ನು ಚುಚ್ಚಿಡಿ. ಕೆತ್ತಿ ಆನೆ ಮಾಡಿ, ಹಂಸ ಮಾಡಿ, ಷೋಕೇಸಿನಲ್ಲಿಡಿ.

ಈ ಸಲಹೆಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಸೋಪು ಸವರಿದ ತಿರುಪು ಮರದೊಳಕ್ಕೆ ಸುಲಭವಾಗಿ ಇಳಿಯುತ್ತದೆ, ಉಬ್ಬಿದ ಬಾಗಿಲು ಕಿರುಗುಟ್ಟುವುದನ್ನು ಬಿಡುತ್ತದೆ. ಆದರೆ ಒಂದು ಮನೆಯಲ್ಲಿ ಬಾಗಿಲುಗಳು ಎಷ್ಟಿರುತ್ತವೆ? ಜಿಪ್ಪುಗಳು ಎಷ್ಟಿರುತ್ತವೆ? ಅರ್ಧ ಬಿಲ್ಲೆ ಸೋಪು ಒಂದು ಮನೆಯ ಎಲ್ಲ ಬಾಗಿಲುಗಳಿಗೂ ವರ್ಷಗಟ್ಟಲೆ ಸಾಕು. ಉಳಿದ ಹದಿನೈದು ಇಪ್ಪತ್ತು ಬಿಲ್ಲೆಗಳ ಗತಿ ಏನು? ಅವು ಬೀರುವಿನಲ್ಲೇ ಒಣಗುತ್ತವೆ. ಉಪಯೋಗ ಹುಡುಕಿದೆವೆಂಬ ಸಮಾಧಾನವೊಂದು ನಮಗೆ ದಕ್ಕುತ್ತದೆ, ಅಷ್ಟೆ.

ನನ್ನ ತಕರಾರು ‘ಬೇಡದ’ ಎಂಬ ಆ ವಿಶೇಷಣದ ಮೇಲೆ. ವ್ಯಾಕರಣದ ಮೇಷ್ಟ್ರಿಗೆ ಈ ಮಾತು ಕಂಡೊಡನೆ ಏಳುವ ಪ್ರಶ್ನೆ: ಯಾರಿಗೆ ಬೇಡ?

ಈ ಸೋಪುಗಳು ಎಲ್ಲಿಂದ ಬಂದವು ಎಂಬುದನ್ನು ನೋಡಿ. ಗೃಹಪ್ರವೇಶಕ್ಕೂ ನಾಮಕರಣಕ್ಕೂ ಬಂದ ಬಣ್ಣದ ಪೆಟ್ಟಿಗೆಗಳು. ಗಲ್ಫಿನಿಂದಲೋ ಅಮೆರಿಕದಿಂದಲೋ ಬಂದ ಬಂಧುಗಳು ಮನೆಮನೆಗೂ ಹಂಚಿದ ‘ಫಾರಿನ್ ಸೋಪು’. ಮೂರು ಕೊಂಡರೆ ಒಂದು ಉಚಿತವೆಂದು ಅಂಗಡಿಯಿಂದ ಹೊತ್ತು ತಂದವು. ಪ್ರವಾಸದಲ್ಲಿ ಹೋಟೆಲಿನವರು ಇಟ್ಟಿದ್ದನ್ನು ಕೈಚೀಲಕ್ಕೆ ಸೇರಿಸಿಕೊಂಡವು. ಇವುಗಳಲ್ಲಿ ಹಲವಕ್ಕೆ ಮೂಗಿಗಿಂತ ಮೂಗುತಿ ಭಾರ; ಒಳಗಿನ ಸೋಪಿಗಿಂತ ಮೇಲಿನ ರಟ್ಟು, ರೇಷ್ಮೆಪಟ್ಟಿಗಳೇ ಹೆಚ್ಚು. ಬಳಸಲು ಮನಸ್ಸು ಬಾರದು, ಕೊಡಲು ಕೈ ಬಾರದು. ಹೀಗೆ ಶೇಖರವಾದದ್ದನ್ನು ನಾವು ‘ಬೇಡದ್ದು’ ಎಂದು ಕರೆಯುತ್ತೇವೆ. ನಿಜವಾಗಿ ಅದು ನಮ್ಮ ಅಗತ್ಯಕ್ಕೆ ಮೀರಿದ್ದು. ಬೇಕಾದವರ ಕೈಗೆ ಇನ್ನೂ ತಲುಪದೇ ಇರುವುದು.

ಕನ್ನಡಿಗರಿಗಂತೂ ಸೋಪಿನ ವಿಷಯದಲ್ಲಿ ಒಂದು ಚರಿತ್ರೆಯ ಪಾಠವೇ ಇದೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಯೂರೋಪಿಗೆ ಹೋಗುವುದು ನಿಂತಿತು. ಕೊಳ್ಳುವವರಿಲ್ಲದೆ ಮರ ರಾಶಿಯಾಗಿ ಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ಆ ರಾಶಿಯಿಂದ ಎಣ್ಣೆ ತೆಗೆಸುವ ವ್ಯವಸ್ಥೆ ಮಾಡಿದರು. ಆ ಎಣ್ಣೆಯಿಂದ, ಎಸ್. ಜಿ. ಶಾಸ್ತ್ರಿಯವರಂಥ ರಸಾಯನ ವಿಜ್ಞಾನಿಯ ಶ್ರಮದಿಂದ, ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಲ್ಲಿ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ಯಾರಿಗೂ ಬೇಡವಾಗಿ ಬಿದ್ದಿದ್ದ ಮರದಿಂದ ಎಲ್ಲರಿಗೂ ಬೇಕಾದ ಸೋಪು ಬಂತು. ನಾವೀಗ ಆ ಪಾಠವನ್ನು ತಲೆಕೆಳಗು ಮಾಡಿದ್ದೇವೆ. ಎಲ್ಲರಿಗೂ ಬೇಕಾದ ಸೋಪನ್ನು ಬೀರುವಿನಲ್ಲಿಟ್ಟು, ಬೇಡದ ವಸ್ತುವಾಗಿಸಿದ್ದೇವೆ.

ಸೀರೆಗಳ ನಡುವೆ ಸೋಪು ಇಡಬೇಕೆಂಬ ಸಲಹೆಯನ್ನು ನಮ್ಮ ತಾಯಂದಿರು ಕೇಳಿದ್ದರೆ ನಗುತ್ತಿದ್ದರು. ಅವರು ಟ್ರಂಕಿನಲ್ಲಿ ಇಡುತ್ತಿದ್ದದ್ದು ಗಂಧದ ಸೋಪಿನ ಖಾಲಿ ಪೆಟ್ಟಿಗೆಯನ್ನು. ಸೋಪು ಬಚ್ಚಲಿಗೆ, ಅದರ ರಟ್ಟು ಸೀರೆಗೆ. ಯಾವುದರ ಕೆಲಸ ಯಾವುದು ಎಂಬ ವಿವೇಕ ಅವರಿಗಿತ್ತು.

ಸೋಪಿನ ಕೆಲಸ ತೊಳೆಯುವುದು. ಎಣ್ಣೆಯೋ ಕೊಬ್ಬೋ ಕ್ಷಾರದೊಡನೆ ಸೇರಿ ಆಗುವ ಈ ವಸ್ತುವಿನ ಕಣಕ್ಕೆ ಎರಡು ತುದಿ. ಒಂದು ನೀರಿಗೆ ಒಲಿಯುತ್ತದೆ, ಇನ್ನೊಂದು ಜಿಡ್ಡಿಗೆ. ಬರಿಯ ನೀರಿಗೆ ಬಿಡದ ಜಿಡ್ಡನ್ನೂ ಅದರೊಡನೆ ಅಂಟಿದ ರೋಗಾಣುಗಳನ್ನೂ ಅದು ಹಿಡಿದೆಳೆದು ನೀರಿನೊಡನೆ ಸಾಗಿಸುತ್ತದೆ. ಕೊರೊನಾದಂಥ ವೈರಸ್ಸಿನ ಮೇಲ್ಪೊರೆಯೂ ಜಿಡ್ಡಿನದೇ ಆದ್ದರಿಂದ ಸೋಪಿಗೆ ಸಿಕ್ಕರೆ ಅದು ಒಡೆದುಹೋಗುತ್ತದೆ. 2020ರಲ್ಲಿ ಇದನ್ನು ಜಗತ್ತೆಲ್ಲ ಬಾಯಿಪಾಠ ಮಾಡಿತು, ನಂತರ ಬೇಗ ಮರೆಯಿತು.

ಇದು ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಕರಾಚಿಯ ಬಡ ವಸತಿಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2005ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಮನೆಗಳಿಗೆ ಸೋಪು ಕೊಟ್ಟು ಕೈ ತೊಳೆಯುವ ರೂಢಿ ಮಾಡಿಸಿದರು. ಕೆಲವನ್ನು ಹಾಗೆಯೇ ಬಿಟ್ಟರು. ಸೋಪು ಪಡೆದ ಮನೆಗಳ ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ಅತಿಸಾರ ಶೇಕಡಾ 53ರಷ್ಟು ಕಡಿಮೆಯಾಗಿತ್ತು. ಐದು ವರ್ಷದೊಳಗಿನವರಲ್ಲಿ ನ್ಯುಮೋನಿಯಾ ಅರ್ಧಕ್ಕೆ ಇಳಿದಿತ್ತು. ಇನ್ನೊಂದು ಮಾತನ್ನು ಗಮನಿಸಬೇಕು: ಕೆಲವು ಮನೆಗಳಿಗೆ ರೋಗಾಣುನಾಶಕ ಸೇರಿಸಿದ ಸೋಪನ್ನೂ ಇನ್ನು ಕೆಲವಕ್ಕೆ ಸಾಧಾರಣ ಸೋಪನ್ನೂ ಕೊಟ್ಟಿದ್ದರು, ಎರಡರ ಫಲ ಒಂದೇ ಆಗಿತ್ತು. ಯಾವ ಸೋಪು ಎಂಬುದಕ್ಕಿಂತ ಸೋಪು ಇದೆಯೇ ಇಲ್ಲವೇ ಎಂಬುದೇ ಮುಖ್ಯ.

ಈಗ ನಮ್ಮ ಶಾಲೆಗಳತ್ತ ಬನ್ನಿ. ಅಕ್ಷರ ದಾಸೋಹ ಬಂದ ಮೇಲೆ ಸರ್ಕಾರಿ ಶಾಲೆಯ ಮಕ್ಕಳು ಮಧ್ಯಾಹ್ನ ಬಿಸಿಯೂಟ ಉಣ್ಣುತ್ತಾರೆ. ನಾವು ಕೈಯಲ್ಲಿ ಕಲೆಸಿ ಉಣ್ಣುವ ಜನ. ನಮ್ಮ ಅನ್ನಕ್ಕೂ ಬಾಯಿಗೂ ನಡುವೆ ಇರುವುದು ಬೆರಳುಗಳೇ. ಗಂಟೆ ಹೊಡೆದೊಡನೆ ತಟ್ಟೆ ಹಿಡಿದು ನಲ್ಲಿಯ ಕಡೆಗೆ ಓಡುವ ಮಕ್ಕಳು ಕೈಯನ್ನು ನೀರಿಗೆ ಒಡ್ಡಿ, ಅಂಗಿಗೋ ಲಂಗಕ್ಕೋ ಒರೆಸಿಕೊಂಡು ಸಾಲಿನಲ್ಲಿ ಕೂರುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ. ನಲ್ಲಿ ಇತ್ತು, ನೀರೂ ಇರುತ್ತಿತ್ತು. ಇಲ್ಲದ್ದು ಸೋಪು. ತೊಟ್ಟಿ ಕಟ್ಟಿಸಲು ಹಣ ಸಿಗುತ್ತದೆ. ತೊಟ್ಟಿಗೆ ಉದ್ಘಾಟನೆ ಉಂಟು, ಕಲ್ಲಿನ ಮೇಲೆ ಹೆಸರು ಉಂಟು. ಸೋಪಿಗೆ ಅದಾವುದೂ ಇಲ್ಲ. ಅದು ವಾರದಲ್ಲಿ ಕರಗುತ್ತದೆ, ಮತ್ತೆ ತರಬೇಕು. ವಿಶ್ವ ಕೈ ತೊಳೆಯುವ ದಿನವೆಂದು 2008ರಿಂದ ಅಕ್ಟೋಬರ್ 15ನ್ನು ಆಚರಿಸುತ್ತಾರೆ. ಆ ದಿನ ಹೊಸ ಸೋಪು, ಭಾಷಣ, ಛಾಯಾಚಿತ್ರ ಎಲ್ಲ ಇರುತ್ತವೆ. 16ನೆಯ ತಾರೀಖಿನ ಮಾತನ್ನು ಯಾರೂ ಎತ್ತುವುದಿಲ್ಲ.

ಒಂದು ಕಡೆ ಆನೆ ಕೆತ್ತುವಷ್ಟು ಸೋಪು. ಇನ್ನೊಂದು ಕಡೆ ಉಣ್ಣುವ ಕೈಗೆ ಸೋಪಿಲ್ಲ. ಹನುಮಂತರಾಯನೇ ಹಗ್ಗ ಕಡಿಯುವಾಗ ಪೂಜಾರಿ ಶಾವಿಗೆ ಬೇಡಿದನಂತೆ. ಕೈ ತೊಳೆಯಲು ಇಲ್ಲದ ಊರಿನಲ್ಲಿ ಜಿಪ್ಪಿಗೆ ಉಜ್ಜುವ ಉಪದೇಶ ಅದೇ ಬಗೆಯದು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಒಂದೊಂದಾಗಿ ಉತ್ತರಿಸುತ್ತೇನೆ.

‘ಹಳೆಯ ಸೋಪು ಕೆಟ್ಟಿರುತ್ತದೆ’ ಎಂಬುದು ಮೊದಲನೆಯದು. ಇಟ್ಟ ಸೋಪಿನಲ್ಲಿ ನೀರಿನ ಅಂಶ ಆರುತ್ತದೆ, ಪರಿಮಳ ಕುಂದುತ್ತದೆ. ತೊಳೆಯುವ ಗುಣ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಒಣಗಿದ ಸೋಪು ಗಟ್ಟಿಯಾಗಿ ಇನ್ನಷ್ಟು ದಿನ ಬಾಳುತ್ತದೆ; ಇದು ನಮ್ಮ ಅಜ್ಜಿಯರಿಗೂ ತಿಳಿದಿತ್ತು. ಎಣ್ಣೆ ಕಮಟು ವಾಸನೆ ಬಂದು, ಮೈಮೇಲೆ ಕಿತ್ತಳೆ ಬಣ್ಣದ ಕಲೆ ಎದ್ದಿದ್ದರೆ ಅದನ್ನು ಯಾರಿಗೂ ಕೊಡಬೇಡಿ. ನಿಮ್ಮ ಮನೆಯ ನೆಲವೊರೆಸುವ ಬಟ್ಟೆ ಒಗೆಯಲು ಇಟ್ಟುಕೊಳ್ಳಿ.

‘ಒಬ್ಬರು ಮುಟ್ಟಿದ ಸೋಪಿನಿಂದ ಇನ್ನೊಬ್ಬರಿಗೆ ರೋಗ ಹರಡುತ್ತದೆ’ ಎಂಬುದು ಎರಡನೆಯದು. ಹದಿನಾರು ಮಂದಿಗೆ, ಬೇಕೆಂದೇ ರೋಗಾಣು ಸವರಿದ ಸೋಪಿನಲ್ಲಿ ಕೈ ತೊಳೆಯಿಸಿ ಪರೀಕ್ಷಿಸಿದ ಪ್ರಯೋಗವೊಂದು 1988ರಲ್ಲಿ ಪ್ರಕಟವಾಗಿದೆ. ತೊಳೆದ ಮೇಲೆ ಒಬ್ಬರ ಕೈಯಲ್ಲೂ ಆ ರೋಗಾಣು ಪತ್ತೆಯಾಗಲಿಲ್ಲ. ನೀರು ಬಸಿದುಹೋಗುವಂತೆ ಸೋಪನ್ನು ತೂಗುಹಾಕಿದರೆ ಶಾಲೆಯ ಮಕ್ಕಳೆಲ್ಲ ಒಂದೇ ಬಿಲ್ಲೆಯನ್ನು ಧಾರಾಳವಾಗಿ ಬಳಸಬಹುದು.

‘ಸರ್ಕಾರಿ ಶಾಲೆಯಲ್ಲಿ ಸೋಪಿಟ್ಟರೆ ಮಕ್ಕಳು ಕದ್ದೊಯ್ಯುತ್ತಾರೆ’ ಎಂಬುದು ಮೂರನೆಯದು. ಅಧ್ಯಾಪಕರ ಕೊಠಡಿಯಲ್ಲಿ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಯ್ಯಲಿ! ಮನೆಗೆ ಹೋದ ಸೋಪನ್ನು ಆ ಮಗು ಏನು ಮಾಡೀತು? ತಾನು ಕೈ ತೊಳೆದೀತು, ತಂಗಿಗೆ ಮೈ ತೊಳೆದೀತು. ಕದ್ದರೂ ತನ್ನ ಕೆಲಸ ಮಾಡಿಯೇ ತೀರುವ ವಸ್ತುಗಳು ಲೋಕದಲ್ಲಿ ಎಷ್ಟಿವೆ? ಸೋಪು ಕಳುವಾಗುವ ಶಾಲೆಯ ಮಕ್ಕಳ ಮನೆಯಲ್ಲಿ ಸೋಪಿಲ್ಲವೆಂಬುದು ಆ ಕಳವಿನ ಅರ್ಥ. ಅಲ್ಲಿ ಒಂದರ ಬದಲು ಎರಡು ಇಡಬೇಕು.

‘ಇದು ಸರ್ಕಾರದ ಕರ್ತವ್ಯ’ ಎಂಬುದು ನಾಲ್ಕನೆಯದು. ಖಂಡಿತ ಹೌದು. ಅದನ್ನು ಗ್ರಾಮಸಭೆಯಲ್ಲೂ ಶಾಲಾಭಿವೃದ್ಧಿ ಸಮಿತಿಯಲ್ಲೂ ಕೇಳಿ, ಬರೆದು ಕೊಡಿ, ಬಿಡಬೇಡಿ. ಆದರೆ ಸರ್ಕಾರ ಕರ್ತವ್ಯ ಮಾಡುವತನಕ ನಮ್ಮ ಬೀರುವಿಗೆ ಬೀಗ ಹಾಕಿ ಕುಳಿತರೆ ಅದು ಪ್ರತಿಭಟನೆಯಾಗುವುದಿಲ್ಲ, ಜಿಪುಣತನವಾಗುತ್ತದೆ.

ಇನ್ನು ಕೊಡುವ ರೀತಿ. ಸ್ನಾನಕ್ಕೆ ಬಳಸಿ ಸವೆದ ಸೋಪಿನ ತುಂಡನ್ನು ಕಾಗದದಲ್ಲಿ ಸುತ್ತಿ, ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಕೈಗಿಟ್ಟು, ‘ಪಾಪ, ಉಪಯೋಗವಾಗಲಿ’ ಎನ್ನುವ ಔದಾರ್ಯವೊಂದು ನಮ್ಮಲ್ಲಿದೆ. ಈಗಷ್ಟೇ ಹೇಳಿದ ಪ್ರಯೋಗವನ್ನು ಅದಕ್ಕೆ ಸಾಕ್ಷಿಯಾಗಿ ಯಾರೂ ಎಳೆದು ತರಬಾರದು. ಇಲ್ಲಿರುವುದು ರೋಗದ ಪ್ರಶ್ನೆಯಲ್ಲ, ಮರ್ಯಾದೆಯ ಪ್ರಶ್ನೆ. ಮನೆಗೆ ಬಂದ ಬೀಗರಿಗೆ ನಾವು ಆ ತುಂಡನ್ನು ಕೊಡುತ್ತೇವೆಯೇ? ಬೀಗರಿಗೆ ಕೊಡಲಾಗದ್ದನ್ನು ಆಕೆಗೆ ಕೊಡಲು ನಮಗೆ ಅಧಿಕಾರ ಕೊಟ್ಟವರು ಯಾರು? ಆಕೆ ಪಾತ್ರೆ ತೊಳೆದು ನಮ್ಮ ಮನೆಯನ್ನು ಶುಚಿಯಾಗಿಟ್ಟವಳು. ಕೊಡುವುದಾದರೆ ಪೆಟ್ಟಿಗೆಯಲ್ಲಿರುವ ಹೊಸದನ್ನು ಕೊಡಬೇಕು, ಅದೂ ಚೆನ್ನಾಗಿರುವುದನ್ನು.

ಆದ್ದರಿಂದ ನಿಯಮ ಸರಳ: ಬಳಸಿದ್ದು ನಮಗೆ, ಬಳಸದ್ದು ಅವರಿಗೆ. ಸವೆದ ತುಂಡನ್ನು ಒದ್ದೆ ಮಾಡಿ ಹೊಸ ಬಿಲ್ಲೆಯ ಬೆನ್ನಿಗೆ ಒತ್ತಿ ಅಂಟಿಸಿದರೆ ಕೊನೆಯ ಚೂರಿನವರೆಗೂ ಮನೆಯಲ್ಲೇ ಸಲ್ಲುತ್ತದೆ. ಚೂರುಗಳನ್ನು ತುರಿದು ಬಿಸಿನೀರಿನಲ್ಲಿ ಕದಡಿದರೆ ಬಚ್ಚಲ ನೆಲ ತೊಳೆಯಲು ಸಾಕು. ಬಿಚ್ಚದ ಬಿಲ್ಲೆಗಳನ್ನು ಹತ್ತಿರದ ಶಾಲೆಗೆ, ಅಂಗನವಾಡಿಗೆ, ವಿದ್ಯಾರ್ಥಿನಿಲಯಕ್ಕೆ ಕೊಡಿ. ಈರುಳ್ಳಿ ಬೆಳ್ಳುಳ್ಳಿ ತುಂಬಿ ಬರುವ ಬಲೆಚೀಲ ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ. ಅದರಲ್ಲಿ ಬಿಲ್ಲೆಯನ್ನು ಹಾಕಿ ನಲ್ಲಿಗೆ ಬಿಗಿದು ಕಟ್ಟಿದರೆ ಸೋಪು ಮಣ್ಣಿಗೆ ಬೀಳುವುದಿಲ್ಲ, ನೀರಿನಲ್ಲಿ ನೆನೆದು ಕರಗುವುದಿಲ್ಲ, ಚೀಲದ ಮೇಲಿಂದಲೇ ನೊರೆ ಬರುತ್ತದೆ. ಫೋಟೋ ತೆಗೆಸಿಕೊಳ್ಳಬೇಡಿ. ಒಂದು ಸಲ ಕೊಟ್ಟು ಮರೆಯಲೂ ಬೇಡಿ. ತೀರಿದ ಮೇಲೆ ಮತ್ತೆ ಬೇಕಾಗುವುದೇ ಸೋಪಿನ ಸ್ವಭಾವ.

ಶಂಖವಾಗಲೀ ಹಂಸವಾಗಲೀ ಆಗಿ ಷೋಕೇಸಿನಲ್ಲಿ ಕುಳಿತ ಸೋಪು ನೂರು ವರ್ಷ ಬಾಳಿದರೂ ಸೋಪಾಗಿ ಬಾಳಿದಂತಲ್ಲ. ಕರಗಿದ್ದೇ ಅದರ ಸಾರ್ಥಕತೆ. ನಮ್ಮ ಬೀರುಗಳಲ್ಲಿ ಕರಗದೆ ಕುಳಿತಿರುವ ಒಂದೊಂದು ಬಿಲ್ಲೆಯೂ ಯಾವುದೋ ಮಗುವಿನ ಅಂಗೈಗೆ ಸಲ್ಲಬೇಕಾದ ಬಾಕಿ.