ಹೊಡೆತ ತಿಂದವಳಿಗೇ ಕೋಳ

ಮೊನ್ನೆ ಕೆಫೆಟೇರಿಯಾದಲ್ಲಿ ಮಾತು ಎಲ್ಲೆಲ್ಲೋ ಸುತ್ತಿ ಹೆಂಡತಿಗೆ ಹೊಡೆಯೋರ ಕಡೆ ಬಂತು. "ಆಸ್ಟ್ರೇಲಿಯಾ ಥರ ಇರ್ಬೇಕು ಗುರೂ, ಒಂದು ಫೋನ್ ಮಾಡಿದ್ರೆ ಪೊಲೀಸ್ ಬಂದು ಎತ್ತಾಕ್ಕೊಂಡು ಹೋಗ್ತಾರೆ" ಅಂದ, ಸಿಡ್ನಿಯಲ್ಲಿ ಒಂದು ವರ್ಷ ಆನ್‌ಸೈಟ್ ಇದ್ದು ಬಂದ ಗೆಳೆಯ. ಎತ್ತಾಕ್ಕೊಂಡು ಹೋಗ್ತಾರೆ, ನಿಜ. ಯಾರನ್ನ?

2014ರ ಆಗಸ್ಟ್ 2, ಪಶ್ಚಿಮ ಆಸ್ಟ್ರೇಲಿಯಾ. ಸಂಗಾತಿಯೊಬ್ಬ ಕೋರ್ಟಿನ ರಕ್ಷಣಾ ಆದೇಶ ಮೀರಿದ್ದಾನೆ ಅಂತ ಪೊಲೀಸರು ಬಂದರು. ಅವನನ್ನು ಹಿಡಿದರು. ಜೊತೆಗೆ ಅವಳನ್ನೂ! ಅವಳ ಹೆಸರಲ್ಲಿ 3,622 ಡಾಲರ್ ಹಳೇ ದಂಡ ಬಾಕಿ ಇತ್ತಂತೆ. 22 ವರ್ಷದ ಯಮಾಜಿ ಸಮುದಾಯದ ಹುಡುಗಿ. ಕುಟುಂಬದ ಕೋರಿಕೆಯಂತೆ ಅವಳನ್ನು ಮಿಸ್ ಧು ಅಂತಷ್ಟೇ ಕರೆಯುತ್ತಾರೆ. ಅವನು ಹಿಂದೆ ಮುರಿದಿದ್ದ ಪಕ್ಕೆಲುಬಿನ ಹತ್ತಿರ ಸೋಂಕಾಗಿ, ಲಾಕಪ್ಪಿನಲ್ಲಿ ರಕ್ತಕ್ಕೆಲ್ಲ ನಂಜೇರಿತು. ನರಳಿದರೆ ನಾಟಕ ಅಂದರು. ಎರಡು ಸಲ ಆಸ್ಪತ್ರೆಗೆ ಒಯ್ದು ವಾಪಸ್ ತಂದರು. ಮೂರನೇ ಸಲ, ಆಗಸ್ಟ್ 4ರಂದು, ಸತ್ತೇಹೋದಳು... ಪೊಲೀಸರು ನಡೆದುಕೊಂಡದ್ದು ಅಮಾನವೀಯ ಅಂತ ಸಾವಿನ ವಿಚಾರಣೆ ನಡೆಸಿದ ಕರೋನರ್ 2016ರಲ್ಲಿ ಹೇಳಿದರು. ದಂಡ ಕಟ್ಟದವರನ್ನು ಒಳಗೆ ಹಾಕೋದಕ್ಕೆ ಆ ರಾಜ್ಯ ಕಡಿವಾಣ ಹಾಕಿದ್ದು 2020ರಲ್ಲಿ.

ಅದೊಂದು ಕೇಸ್ ಬಿಡಿ ಅನ್ನಬೇಡಿ. ಕ್ವೀನ್ಸ್‌ಲ್ಯಾಂಡಿನಲ್ಲಿ ಕೌಟುಂಬಿಕ ಹಿಂಸೆಯ ಸಾವುಗಳನ್ನು ಪರಿಶೀಲಿಸುವ ಮಂಡಳಿ 2017ರಲ್ಲಿ ಏನು ಹೇಳಿತು ಗೊತ್ತಾ? ಅದು ನೋಡಿದ ಪ್ರಕರಣಗಳಲ್ಲಿ ಸತ್ತ ಹೆಂಗಸರ ಪೈಕಿ ನೂರಕ್ಕೆ 44 ಮಂದಿಯನ್ನು ಹಿಂದೆ ಒಮ್ಮೆಯಾದರೂ ರಕ್ಷಣಾ ಆದೇಶದಲ್ಲಿ 'ಹಿಂಸೆ ಮಾಡುವವರ' ಜಾಗದಲ್ಲಿ ನಿಲ್ಲಿಸಲಾಗಿತ್ತು! ಮೂಲನಿವಾಸಿ ಹೆಂಗಸರಲ್ಲಂತೂ ಹೆಚ್ಚುಕಡಿಮೆ ಎಲ್ಲರನ್ನೂ.

ಹೇಗೆ ಅಂತೀರಾ? ಪೊಲೀಸ್ ಬರೋ ಹೊತ್ತಿಗೆ ಅವನು ತಣ್ಣಗಿರ್ತಾನೆ, ಇವಳು ಕಿರುಚ್ತಿರ್ತಾಳೆ, ತಿರುಗಿ ಹೊಡೆದೂ ಇರಬಹುದು. ಪೊಲೀಸರಿಗೆ ಬಾಯಿಬಿಟ್ಟು ಹೇಳೋಣ ಅಂದರೆ, ಅಜ್ಜಿಯರ ಕಾಲದಲ್ಲಿ ಮಕ್ಕಳನ್ನು ಕಿತ್ಕೊಂಡು ಹೋದವರಲ್ಲಿ ಅವರೂ ಇದ್ದರಲ್ಲ. ಆದೇಶ ಅನ್ನೋದು ಸಿವಿಲ್ ವ್ಯವಹಾರ, ಕ್ರಿಮಿನಲ್ ಕೇಸಿನಷ್ಟು ಪುರಾವೆ ಬೇಡ. ಮೀರಿದರೆ ಮಾತ್ರ ಕ್ರಿಮಿನಲ್! ಜನಸಂಖ್ಯೆಯಲ್ಲಿ ನೂರಕ್ಕೆ ಸುಮಾರು ನಾಲ್ಕು ಇರೋರು ಹೆಂಗಸರ ಜೈಲುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು.

ಹಾಗಂತ ಆದೇಶವೇ ಬೇಡ ಅಂತಿಲ್ಲ ನಾನು. ಬರೆಯೋ ಮುಂಚೆ ಆ ರಾತ್ರಿಯದ್ದಷ್ಟೇ ಅಲ್ಲ, ಆ ಮನೆಯ ಹಿಂದಿನ ಕಥೆಯನ್ನೂ ನೋಡಲಿ. ಮೂಲನಿವಾಸಿ ಹೆಂಗಸರೇ ನಡೆಸೋ ಆಶ್ರಯಮನೆಗಳಿಗೆ, ಅವರ ಪರ ನಿಲ್ಲೋ ವಕೀಲರಿಗೆ ದುಡ್ಡು ಹೋಗಲಿ. 'ಶಿಕ್ಷೆ ಇನ್ನೂ ಜಾಸ್ತಿ ಮಾಡಿ' ಅನ್ನೋರು ಮೊದಲು ಒಂದು ಲೆಕ್ಕ ಕೊಡಲಿ ಸ್ವಾಮಿ, ಆ ಶಿಕ್ಷೆಯಲ್ಲಿ ಹೊಡೆತ ತಿಂದವಳ ಪಾಲೆಷ್ಟು?

ಇಷ್ಟನ್ನೂ ಅವನಿಗೆ ಹೇಳಿದೆ. ಟೀ ತಣ್ಣಗಾಗಿತ್ತು. "ಒಂದು ವರ್ಷದಲ್ಲಿ ಒಬ್ಬ ಅಬೊರಿಜಿನಲ್‌ನ ಜೊತೆಗೂ ನಾನು ಮಾತಾಡಿಲ್ಲ ಕಣೋ" ಅಂದ.